ತಹಶೀಲ್ದಾರರ ಕಚೇರಿಯಿಂದ ಸಾಂಬ್ರಾವರೆಗೆ: ಮಲಪ್ರಭೆಯ ಸೀಮೆಯಲ್ಲಿ ವಿಪತ್ತು ಪರಿಹಾರ ವ್ಯವಸ್ಥೆ ಬೆಳೆದ ಬಗೆ

ಬೆಳಗಾವಿ ಜಿಲ್ಲೆಯ ವಿಪತ್ತು ಪರಿಹಾರ ವ್ಯವಸ್ಥೆ ಹುಟ್ಟಿದ್ದು ನೆರೆಯಿಂದಲ್ಲ, ಬರದಿಂದ. ಇಂದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಸಂಸ್ಥೆಗೆ ಕಾನೂನಿನ ಆಧಾರ ಸಿಕ್ಕಿದ್ದು 2005ರ ಡಿಸೆಂಬರ್ 23ರಂದು, ವಿಪತ್ತು ನಿರ್ವಹಣಾ ಕಾಯ್ದೆಯ ಮೂಲಕ. ಆ ಕಾಯ್ದೆಗೆ 2025ರ ಕೊನೆಗೆ ಎರಡು ದಶಕ ತುಂಬಿತು. ಆದರೆ ವ್ಯವಸ್ಥೆಯ ಬೇರುಗಳು ಹತ್ತೊಂಬತ್ತನೆಯ ಶತಮಾನದ ಕಲೆಕ್ಟರ್ ಕಚೇರಿಯಲ್ಲಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳು ಆ ಬೆಳವಣಿಗೆಯ ಪ್ರತಿ ಹಂತವನ್ನೂ ಕಂಡಿವೆ. ಬರವೂ ನೆರೆಯೂ ಸರದಿಯ ಮೇಲೆ ಬರುವ ಈ ನಾಡಿನಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲೆ, ರಾಜ್ಯ, ಕೇಂದ್ರ ಮತ್ತು ಸೇನೆ ಒಂದೇ ಕೆಲಸಕ್ಕೆ ಕೈಜೋಡಿಸುವುದನ್ನು ಕಲಿತದ್ದು ನಿಧಾನವಾಗಿ, ಒಂದೊಂದು ಕಷ್ಟದಿಂದ ಒಂದೊಂದು ಪಾಠವಾಗಿ.

ಕ್ಷಾಮದ ಕಾಲ: 1876–1947

1876ರಿಂದ 1878ರವರೆಗಿನ ಮಹಾಕ್ಷಾಮ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನು ಹಿಂಡಿಬಿಟ್ಟಿತು. ಕಲಾದಗಿ ಜಿಲ್ಲೆಯ ಸ್ಥಿತಿ ಎಲ್ಲಕ್ಕಿಂತ ಭೀಕರವಾಗಿತ್ತು. ಬೆಳಗಾವಿ ಜಿಲ್ಲೆಯಲ್ಲಿ ಮಲೆನಾಡಿನ ಸೆರಗಿನ ಖಾನಾಪುರಕ್ಕಿಂತ ಪೂರ್ವದ ಎರೆಭೂಮಿ ಹೆಚ್ಚು ನೊಂದಿತು. ಸವದತ್ತಿ ಆಗ ಪರಸಗಡ ತಾಲ್ಲೂಕಿನ ಮುಖ್ಯಸ್ಥಳ, ಬೈಲಹೊಂಗಲ ಸಂಪಗಾಂವಿ ತಾಲ್ಲೂಕಿನದು. ಊರ ಹಗೇವುಗಳಲ್ಲಿ ಕೂಡಿಟ್ಟ ಜೋಳ ಮುಗಿದ ಮೇಲೆ ಜನರಿಗೆ ಉಳಿದ ದಾರಿ ಸರ್ಕಾರದ ಪರಿಹಾರ ಕಾಮಗಾರಿಯೊಂದೇ. ಕೆರೆಯ ಹೂಳೆತ್ತಿ, ರಸ್ತೆಗೆ ಕಲ್ಲು ಒಡೆದು ದಿನಗೂಲಿ ಪಡೆಯಬೇಕಿತ್ತು. ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕದಲ್ಲಿ ಕೂಲಿ ಇಳಿಸಿದ, ಭಾರತ ಸರ್ಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ ಅವರ ಕ್ರಮ ಅಂದೇ ಕಟುವಾದ ವಿರೋಧ ಎದುರಿಸಿತು. ದುಡಿಯುವ ದೇಹಕ್ಕೆ ಅಷ್ಟು ಸಾಲದು ಎಂಬ ವಾದ ಕೊನೆಗೆ ಗೆದ್ದಿತು.

ಈ ಅನುಭವದಿಂದ ರಿಚರ್ಡ್ ಸ್ಟ್ರಾಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ ಪ್ರಾಂತಗಳ ಕ್ಷಾಮ ಸಂಹಿತೆಗಳು ರೂಪುಗೊಂಡವು. ಮಳೆ, ಬೆಳೆ, ಧಾರಣೆ, ಜನರ ವಲಸೆ ಇವುಗಳನ್ನು ಗಮನಿಸಿ ವರದಿ ಮಾಡುವ ಹೊಣೆ ಕೆಳಗಿನ ಅಧಿಕಾರಿಗಳದು, ಪರಿಹಾರ ಆರಂಭಿಸುವ ಹೊಣೆ ಕಲೆಕ್ಟರರದು, ಹಣ ಮಂಜೂರು ಮಾಡುವುದು ಪ್ರಾಂತ ಸರ್ಕಾರದ್ದು ಎಂಬ ಮೂರು ಮೆಟ್ಟಿಲಿನ ಕ್ರಮ ಅಲ್ಲಿ ಗಟ್ಟಿಯಾಯಿತು. ಇಂದಿಗೂ ತಹಶೀಲ್ದಾರರು ಬೆಳೆಹಾನಿಯ ಪಟ್ಟಿ ಕಳಿಸುವಾಗ, ಗ್ರಾಮದ ಕಂದಾಯ ಅಧಿಕಾರಿ ಪಂಚನಾಮೆ ಬರೆಯುವಾಗ ನಡೆಯುವುದು ಅದೇ ಕ್ರಮದಲ್ಲಿಯೇ. ಅದೇ ಕ್ಷಾಮದ ಇನ್ನೊಂದು ಫಲ ರೈಲು. ಬರ ಬಿದ್ದಲ್ಲಿಗೆ ಧಾನ್ಯ ಮುಟ್ಟಿಸುವ ಉದ್ದೇಶವನ್ನೂ ಇಟ್ಟುಕೊಂಡು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿ, ಗದಗ, ಬೆಳಗಾವಿಗಳನ್ನು ಮುಟ್ಟಿದವು.

ಸರ್ಕಾರ ತಲುಪದ ಕಡೆ ಕೈಹಿಡಿದದ್ದು ಮಠಗಳ ದಾಸೋಹ, ದೇಸಗತಿಗಳ ಔದಾರ್ಯ. ಸಿರಸಂಗಿಯ ದೇಸಾಯಿ ಲಿಂಗರಾಜರು (1861–1906) ಮಹಾಕ್ಷಾಮವನ್ನು ಹದಿಹರೆಯದಲ್ಲಿಯೂ, 1896–97 ಮತ್ತು 1899–1900ರ ಬರಗಳನ್ನು ನಡುವಯಸ್ಸಿನಲ್ಲಿಯೂ ಕಂಡ ತಲೆಮಾರಿನವರು. ತಮ್ಮ ಸಂಸ್ಥಾನದ ಆಸ್ತಿಯನ್ನು ಅವರು ಮರಣಪತ್ರದ ಮೂಲಕ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದರು. ನವಲಗುಂದ–ಸಿರಸಂಗಿ ಟ್ರಸ್ಟ್‌ನ ನೆರವಿನಿಂದ ಓದಿದವರು ಹಲವು ತಲೆಮಾರುಗಳಿಂದ ನಾಡಿನ ಎಲ್ಲ ಇಲಾಖೆಗಳಲ್ಲಿ ದುಡಿದಿದ್ದಾರೆ. ಒಂದು ಹೊತ್ತಿನ ಗಂಜಿಗಿಂತ ದೀರ್ಘಕಾಲ ಬಾಳುವ ಪರಿಹಾರವೂ ಇದೆ ಎಂಬುದನ್ನು ಈ ಸೀಮೆಗೆ ತೋರಿಸಿಕೊಟ್ಟವರು ಅವರು.

ಈ ಅವಧಿಯ ದೊಡ್ಡ ತೊಡಕು ಆಡಳಿತದ ಒಡಕು. ಮಲಪ್ರಭೆಯ ದಂಡೆಯಲ್ಲಿ ಪರಸಗಡ, ಸಂಪಗಾಂವಿ ಬ್ರಿಟಿಷ್ ತಾಲ್ಲೂಕುಗಳು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ತೊರಗಲ್ ಕೊಲ್ಹಾಪುರಕ್ಕೆ ಅಧೀನವಾದ ಜಹಗೀರು. ಒಂದೇ ನೀರು ಹರಿದು ಹೋಗುವ ಹಳ್ಳಿಗಳು ಬೇರೆ ಬೇರೆ ದರಬಾರುಗಳಿಗೆ ಅರ್ಜಿ ಹಿಡಿದು ನಿಲ್ಲಬೇಕಿತ್ತು.

ಸೇನೆ ಈ ಕಾಲದಲ್ಲಿ ಪರಿಹಾರ ವ್ಯವಸ್ಥೆಯ ಭಾಗವಾಗಿರಲಿಲ್ಲ. ಬೆಳಗಾವಿಯ ದಂಡು ಪ್ರದೇಶ ಆಳ್ವಿಕೆಯ ಕಾವಲಿಗಾಗಿ ಇದ್ದುದು. 1897ರ ಪ್ಲೇಗಿನಲ್ಲಿ ಪುಣೆಯಲ್ಲಿ ಸೈನಿಕರನ್ನು ಮನೆ ತಪಾಸಣೆಗೆ ಇಳಿಸಿದ ಕ್ರಮ ಜನರಲ್ಲಿ ಎಬ್ಬಿಸಿದ ಆಕ್ರೋಶ ಪ್ಲೇಗ್ ಅಧಿಕಾರಿ ರ್‍ಯಾಂಡ್ ಅವರ ಕೊಲೆಯವರೆಗೆ ಹೋಯಿತು. ಜನರ ನಂಬಿಕೆ ಇಲ್ಲದ ಕಡೆ ಸಮವಸ್ತ್ರ ನೆರವಿನ ಗುರುತಾಗಲಾರದು. ಈ ಎಚ್ಚರ ಮುಂದಿನ ಎಲ್ಲ ನಿಯಮಗಳಲ್ಲೂ ಉಳಿಯಿತು: ನಾಗರಿಕ ಅಧಿಕಾರಿ ಕೇಳಿದಾಗ ಮಾತ್ರ, ಕೇಳಿದಷ್ಟು ಮಾತ್ರ ಸೇನೆ ಬರಬೇಕು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಲ್ಲಿ ಬೆಳಗಾವಿಯಲ್ಲಿ ನೆಲೆಗೊಂಡಿತು. ಸಾಂಬ್ರಾದ ವಿಮಾನ ನೆಲೆ ಎರಡನೆಯ ಮಹಾಯುದ್ಧದ ಕಾಲದ್ದು. ಇವೆರಡೂ ಕಟ್ಟಲ್ಪಟ್ಟದ್ದು ಯುದ್ಧಕ್ಕಾಗಿ. ಅವು ಜಿಲ್ಲೆಯ ರೈತನಿಗೆ ಆಸರೆಯಾದದ್ದು ಸ್ವಾತಂತ್ರ್ಯಾನಂತರ.

ಒಂದು ಜಿಲ್ಲೆ, ಒಂದು ಜಲಾಶಯ: 1948–1989

1948ರಲ್ಲಿ ರಾಮದುರ್ಗ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಕ್ಷೆಯ ಮೇಲಿನ ಈ ಬದಲಾವಣೆ ಪರಿಹಾರದ ದೃಷ್ಟಿಯಿಂದ ಬಹು ದೊಡ್ಡದು. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಉದ್ದಕ್ಕೂ ಒಂದೇ ರಾಜ್ಯದೊಳಗೆ ಹರಿಯುವ ನದಿಯಾಯಿತು. ಕೃಷ್ಣೆಯ ನೆರೆಗೆ ಮಹಾರಾಷ್ಟ್ರದ ಜೊತೆ ಮಾತಾಡಬೇಕು. ಮಲಪ್ರಭೆಯ ನೆರೆಗೆ ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳು ತಮ್ಮೊಳಗೆ ಮಾತಾಡಿಕೊಂಡರೆ ಸಾಕು.

ಸವದತ್ತಿಯ ಹತ್ತಿರ, ಮುನವಳ್ಳಿಯ ಬಳಿ ನದಿ ಗುಡ್ಡವನ್ನು ಸೀಳಿಕೊಂಡು ಹೋಗುವ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ ಅಡಿ, ಪೂರ್ಣ ಮಟ್ಟ 2,079.50 ಅಡಿ. ಬರದ ಸೀಮೆಗೆ ನೀರಾವರಿ ಕೊಡಲು ಕಟ್ಟಿದ ಈ ಜಲಾಶಯವೇ ಈ ಸೀಮೆಯ ಅತಿ ದೊಡ್ಡ ಬರ ಪರಿಹಾರ ಕಾಮಗಾರಿ ಎಂದರೆ ತಪ್ಪಾಗದು. ಆದರೆ ಅದು ನೆರೆಯ ಸ್ವರೂಪವನ್ನೂ ಬದಲಿಸಿತು. ಜಲಾಶಯ ತುಂಬದ ವರ್ಷಗಳಲ್ಲಿ ಕೆಳಗಿನ ಪಾತ್ರ ಬತ್ತಿ ಕಿರಿದಾಯಿತು. ಹೊಳೆಯ ದಂಡೆಯವರೆಗೂ ಹೊಲಗಳು ಸರಿದವು, ಮನೆಗಳು ಇಳಿದವು. ನದಿ ಇಷ್ಟೇ ಅಗಲ ಎಂದು ನಂಬಿದ ತಲೆಮಾರೊಂದು ಬೆಳೆಯಿತು. ಮುಂದೆ 2019ರಲ್ಲಿ ಆದ ಅನಾಹುತದ ಒಂದು ಕಾರಣ ಇಲ್ಲಿದೆ.

ಈ ದಶಕಗಳಲ್ಲಿ ಪರಿಹಾರ ಕ್ರಮ ಹಳೆಯ ಸಂಹಿತೆಯ ದಾರಿಯಲ್ಲೇ ನಡೆಯಿತು. 1972–73ರ ಬರದಲ್ಲಿ ಮತ್ತೆ ಕಲ್ಲು ಒಡೆಯುವ, ಮಣ್ಣು ಹೊರುವ ಕೆಲಸಗಳು ನಡೆದವು. ಹೊಸದೆಂದರೆ ರಾಜ್ಯ ಸರ್ಕಾರ 1988ರಲ್ಲಿ ಆರಂಭಿಸಿದ ಬರ ನಿಗಾ ಘಟಕ. ಬರವನ್ನು ಕಣ್ಣಂದಾಜಿನಿಂದಲ್ಲ, ಮಳೆಯ ಅಳತೆಯಿಂದ ನಿರ್ಧರಿಸಬೇಕೆಂದು ಹೊರಟ ಇಂಥ ಪ್ರಯತ್ನ ದೇಶದಲ್ಲೇ ಮೊದಲನೆಯದು. ಇದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಬೆಂಗಳೂರಿನ ಯಲಹಂಕದಲ್ಲಿ ಸ್ವಂತ ಕಟ್ಟಡ ಪಡೆದು, ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳ ಜಾಲ ಹರಡಿತು. ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿದ ರೈತನಿಗೆ ತನ್ನ ಊರಿನ ಮಳೆಯ ಮುನ್ಸೂಚನೆ ಕನ್ನಡದಲ್ಲೇ ಸಿಗುವಂತಾಯಿತು.

ನಿಧಿಯಿಂದ ಕಾಯ್ದೆಗೆ: 1990–2005

ಹಣದ ವಿಷಯದಲ್ಲಿ ಕೇಂದ್ರ–ರಾಜ್ಯಗಳ ಸಂಬಂಧಕ್ಕೆ ಒಂದು ಚೌಕಟ್ಟು ಬಂದದ್ದು ಒಂಬತ್ತನೆಯ ಹಣಕಾಸು ಆಯೋಗದ ಶಿಫಾರಸಿನಂತೆ 1990ರಲ್ಲಿ. ಪ್ರತಿ ರಾಜ್ಯಕ್ಕೂ ವಿಕೋಪ ಪರಿಹಾರ ನಿಧಿ ಸ್ಥಾಪನೆಯಾಯಿತು. ಅದರಲ್ಲಿ ಕೇಂದ್ರದ ಪಾಲು ಮುಕ್ಕಾಲು, ರಾಜ್ಯದ್ದು ಕಾಲು. ಅದುವರೆಗೆ ಪ್ರತಿ ಬರಕ್ಕೂ ದೆಹಲಿಗೆ ಹೊಸ ಮನವಿ, ಹೊಸ ತಂಡ, ಹೊಸ ಕಾಯುವಿಕೆ. ನಿಧಿ ಬಂದ ಮೇಲೆ ಜಿಲ್ಲಾಧಿಕಾರಿಯ ಕೈಗೆ ಮೊದಲ ದಿನವೇ ಖರ್ಚು ಮಾಡಬಹುದಾದ ಮೊತ್ತ ಬಂತು.

1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ, 2004ರ ಸುನಾಮಿ ಇಡೀ ದೇಶದ ಯೋಚನೆಯನ್ನೇ ಬದಲಿಸಿದವು. ಬರವನ್ನೇ ಮುಖ್ಯ ವಿಪತ್ತೆಂದು ಕಂಡ ಕಾಲದಲ್ಲಿ ವಿಪತ್ತು ನಿರ್ವಹಣೆಯ ವಿಷಯ ಕೇಂದ್ರ ಕೃಷಿ ಸಚಿವಾಲಯದ್ದಾಗಿತ್ತು. 2002ರಲ್ಲಿ ಅದು ಗೃಹ ಸಚಿವಾಲಯಕ್ಕೆ ಹೋಯಿತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ವಿಪತ್ತು ನಿರ್ವಹಣಾ ಕಾಯ್ದೆ ಮೂರು ಹಂತದ ಪ್ರಾಧಿಕಾರಗಳನ್ನು ರಚಿಸಿತು: ರಾಷ್ಟ್ರಕ್ಕೆ ಪ್ರಧಾನಮಂತ್ರಿ, ರಾಜ್ಯಕ್ಕೆ ಮುಖ್ಯಮಂತ್ರಿ, ಜಿಲ್ಲೆಗೆ ಜಿಲ್ಲಾಧಿಕಾರಿ ಅಧ್ಯಕ್ಷರು. 25ನೇ ಪ್ರಕರಣದ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಚುನಾಯಿತ ಸ್ಥಳೀಯ ಸಂಸ್ಥೆಯ ಪ್ರತಿನಿಧಿ, ಅಂದರೆ ನಮ್ಮಲ್ಲಿ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು, ಸಹ ಅಧ್ಯಕ್ಷರು. ಕಲೆಕ್ಟರರ ಹಳೆಯ ಅಧಿಕಾರದ ಪಕ್ಕದಲ್ಲಿ ಜನಪ್ರತಿನಿಧಿಗೆ ಕುರ್ಚಿ ಹಾಕಿದ ಈ ಒಂದು ಸಾಲು ಆ ಕಾಯ್ದೆಯ ಅತ್ಯಂತ ಬೆಲೆಯುಳ್ಳ ಭಾಗ. 35ನೇ ಪ್ರಕರಣ ಭೂಸೇನೆ, ನೌಕಾಪಡೆ, ವಾಯುಪಡೆಗಳನ್ನು ವಿಪತ್ತಿನ ಕೆಲಸಕ್ಕೆ ನಿಯೋಜಿಸುವುದನ್ನು ಕೇಂದ್ರದ ಕರ್ತವ್ಯಗಳಲ್ಲಿ ಸೇರಿಸಿತು. ಮರುವರ್ಷ ಎಂಟು ಬೆಟಾಲಿಯನ್ನುಗಳೊಂದಿಗೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಜನರ ಬಾಯಲ್ಲಿ ಎನ್‌ಡಿಆರ್‌ಎಫ್, ಹುಟ್ಟಿತು. ಕರ್ನಾಟಕಕ್ಕೆ ಬರುವುದು ಆಂಧ್ರಪ್ರದೇಶದಲ್ಲಿ ನೆಲೆಯಿರುವ ಅದರ 10ನೇ ಬೆಟಾಲಿಯನ್. ಅದೇ 2006ರಲ್ಲಿ ಕರ್ನಾಟಕದವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗವೂ ವಿಪತ್ತು ನಿರ್ವಹಣೆಯ ಮೇಲೆ ಒಂದು ಪ್ರತ್ಯೇಕ ವರದಿ ಕೊಟ್ಟಿತು.

ಹೊಸ ಪ್ರಾಧಿಕಾರದ ಮೊದಲ ವರ್ಷಗಳು: 2006–2018

ಪ್ರಾಧಿಕಾರ ಕಾಗದದ ಮೇಲಿನಿಂದ ನೆಲಕ್ಕಿಳಿದದ್ದು 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ. ಆ ಮಳೆ ಬಿದ್ದದ್ದು ಘಟ್ಟದ ಮೇಲಲ್ಲ, ಮುಂಗಾರು ಮುಗಿಯಿತೆಂದು ಜನ ಹಿಂಗಾರಿನ ಬಿತ್ತನೆಗೆ ಇಳಿದಿದ್ದ ಬಯಲಿನ ಮೇಲೆ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ನೆನೆದು ಕುಸಿದದ್ದು ಸಾವಿಗೆ ದೊಡ್ಡ ಕಾರಣ. ಹೆಲಿಕಾಪ್ಟರ್ ಎಷ್ಟಿದ್ದರೂ ರಾತ್ರಿ ಕುಸಿಯುವ ಮನೆಯಿಂದ ಜನರನ್ನು ಎತ್ತಲಾರದು. ಊರಲ್ಲಿ ಮೊದಲೇ ಡಂಗುರ ಸಾರಿ, ಶಾಲೆಯ ಬಾಗಿಲು ತೆರೆಸಬೇಕು.

ಅಕ್ಟೋಬರ್ 9ರಂದು ಪ್ರಧಾನಿ ಮನಮೋಹನ ಸಿಂಗ್ ವೈಮಾನಿಕ ಸಮೀಕ್ಷೆ ನಡೆಸಿ 1,000 ಕೋಟಿ ರೂಪಾಯಿಯ ಮಧ್ಯಂತರ ನೆರವು ಪ್ರಕಟಿಸಿದರು. ರಾಜ್ಯ ಸರ್ಕಾರ ‘ಆಸರೆ’ ಯೋಜನೆಯಡಿ ದಾನಿಗಳೊಂದಿಗೆ ಕೈಜೋಡಿಸಿ ಹೊಸ ಬಡಾವಣೆಗಳನ್ನು ಕಟ್ಟಿಸಿತು. ಕೆಲವು ಬಡಾವಣೆಗಳಿಗೆ ಜನ ಹೋದರು, ಕೆಲವಕ್ಕೆ ಹೊಲ ದೂರವಾಗುತ್ತದೆಂದು ಹೋಗಲಿಲ್ಲ. ಜಾಗದ ಆಯ್ಕೆಯಲ್ಲಿ ಊರಿನವರ ಮಾತನ್ನು ಇನ್ನಷ್ಟು ಮೊದಲೇ ಕೇಳಬೇಕಿತ್ತು ಎಂಬ ಅಭಿಪ್ರಾಯ ಅಧಿಕಾರಿಗಳಲ್ಲೂ ಬೆಳೆಯಿತು.

2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಶಾಸಕಾಂಗವೇ ವರ್ಷಕ್ಕೊಮ್ಮೆ ಬೆಳಗಾವಿಗೆ ಬಂದು ಕೂರುವ ಕಾರಣ ಉತ್ತರದ ಬರ–ನೆರೆಗಳ ಚರ್ಚೆಗೆ ಒಂದು ಸ್ಥಿರ ವೇದಿಕೆ ದೊರೆಯಿತು. ಕಿತ್ತೂರು, ಆಮೇಲೆ ಯರಗಟ್ಟಿ ಪ್ರತ್ಯೇಕ ತಾಲ್ಲೂಕುಗಳಾದವು. ತಹಶೀಲ್ದಾರರ ಕಚೇರಿ ಹತ್ತಿರವಾದಷ್ಟೂ ಪರಿಹಾರ ಹತ್ತಿರ.

2019ರ ಆಗಸ್ಟ್

2019ರ ಆಗಸ್ಟ್ ಮೊದಲ ವಾರದಲ್ಲಿ ಘಟ್ಟದ ಮೇಲೆ ಸುರಿದ ಮಳೆಯಿಂದ ಜಿಲ್ಲೆಯ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದವು. ಹಲವು ವರ್ಷ ಪೂರ್ತಿ ತುಂಬದಿದ್ದ ರೇಣುಕಾಸಾಗರ ಕೆಲವೇ ದಿನಗಳಲ್ಲಿ ತುಂಬಿತು. ಗೇಟುಗಳನ್ನು ಎತ್ತಲೇಬೇಕಾಯಿತು. ಮುನವಳ್ಳಿ, ರಾಮದುರ್ಗ ಪಟ್ಟಣ, ರಾಮದುರ್ಗ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳು, ಅಲ್ಲಿಂದ ಕೆಳಗೆ ನರಗುಂದ, ರೋಣ, ಬಾದಾಮಿ ಸೀಮೆ ನೀರಿನಲ್ಲಿ ನಿಂತವು. ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಪೀಡಿತವೆಂದು ಘೋಷಣೆಯಾದವು. ಸುಮಾರು ಏಳು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಬೆಳಗಾವಿ ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆ.

ಸಮನ್ವಯದ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಈ ದಿನಗಳು ಬಿಚ್ಚಿ ತೋರಿಸಿದವು. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ, ಯಾವ ಓಣಿಗೆ ನೀರು ಮೊದಲು ನುಗ್ಗುತ್ತದೆ ಎಂಬುದು ಗ್ರಾಮ ಲೆಕ್ಕಾಧಿಕಾರಿ ಮತ್ತು ಪಂಚಾಯಿತಿ ಸದಸ್ಯರಿಗೆ ಗೊತ್ತು. ಅವರ ಮಾತು ತಹಶೀಲ್ದಾರರಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಕಚೇರಿಯ ನಿಯಂತ್ರಣ ಕೊಠಡಿಗೆ ಬರಬೇಕು. ಅಣೆಕಟ್ಟಿನ ಹೊಣೆ ಕರ್ನಾಟಕ ನೀರಾವರಿ ನಿಗಮದ್ದು. ಎಷ್ಟು ಕ್ಯುಸೆಕ್ ಯಾವ ಹೊತ್ತಿಗೆ ಬಿಡುತ್ತಾರೆಂಬುದು ಅದೇ ಕೊಠಡಿಗೆ ಮುಂಚೆಯೇ ತಿಳಿಯಬೇಕು. ಪೊಲೀಸರು, ಅಗ್ನಿಶಾಮಕ ದಳ, ರಾಜ್ಯದ ವಿಪತ್ತು ಪಡೆ ಮೊದಲ ಸುತ್ತು. ಅವರ ದೋಣಿಗೆ ಸೆಳವು ಮೀರಿದಾಗ ಎನ್‌ಡಿಆರ್‌ಎಫ್. ಅದೂ ಸಾಲದಾದಾಗ ಸೇನೆ. ಕ್ರಮದಂತೆ ಕೋರಿಕೆ ಜಿಲ್ಲಾಧಿಕಾರಿಯಿಂದ ಬೆಂಗಳೂರಿಗೆ, ರಾಜ್ಯ ಸರ್ಕಾರದಿಂದ ರಕ್ಷಣಾ ಇಲಾಖೆಗೆ ಹೋಗುತ್ತದೆ. ಜೀವ ಹೋಗುವ ಹೊತ್ತಿನಲ್ಲಿ ಸ್ಥಳೀಯ ಸೇನಾಧಿಕಾರಿ ಜಿಲ್ಲಾಧಿಕಾರಿಯ ಮನವಿಯ ಮೇಲೆಯೇ ತುಕಡಿ ಕಳಿಸಿ, ಅನುಮತಿಯ ಕಾಗದವನ್ನು ಆಮೇಲೆ ಪಡೆಯಲು ಅವಕಾಶವಿದೆ. ಬೆಳಗಾವಿಯಂಥ ದಂಡಿನ ಊರಿಗೆ ಇದು ದೊಡ್ಡ ಅನುಕೂಲ. ಎಷ್ಟೋ ಜಿಲ್ಲೆಗಳು ಕಾಯಬೇಕಾದ ನೆರವು ಇಲ್ಲಿ ದಂಡು ಪ್ರದೇಶದಲ್ಲೇ ಇದೆ. ಸಾಂಬ್ರಾ ಇರುವುದರಿಂದ ಹೆಲಿಕಾಪ್ಟರುಗಳಿಗೆ ಇಂಧನ, ಆಹಾರ ಪೊಟ್ಟಣಗಳಿಗೆ ಗೋದಾಮು, ಮಂತ್ರಿಗಳಿಗೆ ಸಮೀಕ್ಷೆಯ ನೆಲೆ ಎಲ್ಲವೂ ಒಂದೇ ಕಡೆ ದೊರೆತವು.

ರಾಜ್ಯದಲ್ಲಿ ಆಗ ವಿಚಿತ್ರ ಸ್ಥಿತಿ. ಜುಲೈ 26ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪನವರಿಗೆ ಆಗಸ್ಟ್ 20ರವರೆಗೆ ಸಚಿವ ಸಂಪುಟವಿರಲಿಲ್ಲ. ಉಸ್ತುವಾರಿ ಸಚಿವರಿಲ್ಲದ ಜಿಲ್ಲೆಯಲ್ಲಿ ಭಾರವೆಲ್ಲ ಜಿಲ್ಲಾಧಿಕಾರಿ ಎಸ್.ಬಿ. ಬೊಮ್ಮನಹಳ್ಳಿ ಮತ್ತು ಕೆಳಗಿನ ಅಧಿಕಾರಿಗಳ ಮೇಲೆ ಬಿತ್ತು. ಕಾಯ್ದೆ ಅಧಿಕಾರವನ್ನು ಜಿಲ್ಲೆಯಲ್ಲೇ ಇಟ್ಟದ್ದರ ಬೆಲೆ ಅಂದು ತಿಳಿಯಿತು. ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಗೃಹ ಸಚಿವ ಅಮಿತ್ ಶಾ ಆಗಸ್ಟ್ ಎರಡನೇ ವಾರದಲ್ಲಿ ಜಿಲ್ಲೆಗೆ ಬಂದುಹೋದರು.

ನೀರು ಇಳಿದ ಮೇಲೆ ಲೆಕ್ಕದ ಕೆಲಸ. ತುರ್ತು ನೆರವಾಗಿ ಕೇಂದ್ರದ ಮಾನದಂಡದ 3,800 ರೂಪಾಯಿಯನ್ನು ರಾಜ್ಯ 10,000ಕ್ಕೆ ಏರಿಸಿತು. ಪೂರ್ತಿ ಬಿದ್ದ ಮನೆಗೆ ಮಾನದಂಡದ ಪ್ರಕಾರ 95,100 ರೂಪಾಯಿ. ರಾಜ್ಯ ಕೊಟ್ಟದ್ದು 5 ಲಕ್ಷ. ಹಾನಿಯನ್ನು ಎ, ಬಿ, ಸಿ ಎಂದು ವರ್ಗ ಮಾಡುವಾಗ ಊರೂರಲ್ಲೂ ತಕರಾರು ಬಂದವು. ಮರುಸಮೀಕ್ಷೆ ನಡೆಸಿ ಎಷ್ಟೋ ಮನೆಗಳನ್ನು ಪಟ್ಟಿಗೆ ಸೇರಿಸಲಾಯಿತು. ರಾಜ್ಯ ಅಂದಾಜಿಸಿದ ಒಟ್ಟು ನಷ್ಟ 35,000 ಕೋಟಿ ರೂಪಾಯಿಗೂ ಹೆಚ್ಚು. ಕೇಂದ್ರ ಅಕ್ಟೋಬರಿನಲ್ಲಿ 1,200 ಕೋಟಿಯನ್ನು ಮುಂಗಡವಾಗಿ ಬಿಡುಗಡೆ ಮಾಡಿತು. ನಷ್ಟ ಬೇರೆ, ಮಾನದಂಡದಡಿ ಕೇಳಬಹುದಾದ ಮೊತ್ತ ಬೇರೆ. ಈ ಅಂತರ ಜನರಿಗೆ ಅರ್ಥವಾಗುವಂತೆ ಯಾವ ಸರ್ಕಾರವೂ ಹೇಳಲಿಲ್ಲವೆಂಬ ಬೇಸರ ಉಳಿಯಿತು.

ಇತ್ತೀಚಿನ ವರ್ಷಗಳು: 2020–2025

2020ರ ಮಾರ್ಚಿನಲ್ಲಿ ಇದೇ ಕಾಯ್ದೆಯ ಬಲದ ಮೇಲೆ ಇಡೀ ದೇಶಕ್ಕೆ ಬೀಗ ಬಿತ್ತು. ನೆರೆಗೆಂದು ಕಟ್ಟಿದ ಜಿಲ್ಲಾ ನಿಯಂತ್ರಣ ಕೊಠಡಿಗಳು ಕೋವಿಡ್ ಕೊಠಡಿಗಳಾದವು. ಪರಿಹಾರ ಕೇಂದ್ರಗಳು ‘ಕಾಳಜಿ ಕೇಂದ್ರ’ಗಳೆಂಬ ಹೆಸರು ಪಡೆದು, ಗಂಜಿಯ ಜೊತೆಗೆ ಆರೋಗ್ಯ ತಪಾಸಣೆಯೂ ಅಲ್ಲಿನ ಕೆಲಸವಾಯಿತು. 2021ರ ಜೂನ್‌ನಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ಜಲಸಂಪನ್ಮೂಲ ಸಚಿವರು ಬೆಂಗಳೂರಿನಲ್ಲಿ ಕೂತು ಕೃಷ್ಣಾ ಕೊಳ್ಳದ ಜಲಾಶಯಗಳ ಹೊರಹರಿವಿನ ಮಾಹಿತಿ ಹಂಚಿಕೊಳ್ಳುವ ಮಾತಾಡಿದರು. ಹದಿನೈದನೇ ಹಣಕಾಸು ಆಯೋಗ ವಿಪತ್ತು ನಿಧಿಯ ಐದನೇ ಒಂದು ಭಾಗವನ್ನು ಮುಂಜಾಗ್ರತೆಗೆಂದೇ ಮೀಸಲಿಟ್ಟಿತು. 1990ರಲ್ಲಿ ನಿಧಿ ಹುಟ್ಟಿದ ಮೇಲೆ ಆದ ಅತ್ಯಂತ ಒಳ್ಳೆಯ ಬದಲಾವಣೆ ಇದು.

2023ರಲ್ಲಿ ಹಳೆಯ ಶತ್ರು ಮರಳಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ 18,171 ಕೋಟಿ ರೂಪಾಯಿ ಕೇಳಿತು. ಉತ್ತರ ತಡವಾದಾಗ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲಿನಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಎರಡೂ ಸರ್ಕಾರಗಳು ತಮ್ಮ ತಮ್ಮ ಲೆಕ್ಕಕ್ಕೆ ಬದ್ಧವಾಗಿದ್ದವು. ಮಾತುಕತೆಯ ಮೇಜು ನ್ಯಾಯಾಲಯದ ಆಚೆಯೇ ಇರಬೇಕಿತ್ತು ಎಂದು ನ್ಯಾಯಾಲಯವೂ ಸೂಚಿಸಿತ್ತು. 2025ರ ಏಪ್ರಿಲ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ರಾಜ್ಯಗಳ ಸ್ವಂತ ಸ್ಪಂದನಾ ಪಡೆಗೆ ಶಾಸನದ ಆಧಾರ ಕೊಟ್ಟಿತು, ದೊಡ್ಡ ನಗರಗಳಿಗೆ ಪ್ರತ್ಯೇಕ ಪ್ರಾಧಿಕಾರಗಳನ್ನು ಹೇಳಿತು. ಹಳ್ಳಿಗಳ ವಿಷಯದಲ್ಲಿ ಅಂಥ ಹೆಜ್ಜೆ ಇನ್ನೂ ಬರಬೇಕಿದೆ.

ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. 2021ರಲ್ಲಿ ಅವಧಿ ಮುಗಿದ ಮೇಲೆ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಳ ಕಾಲ ಚುನಾವಣೆ ನಡೆಯಲಿಲ್ಲ. ಕಾನೂನು ಸಹ ಅಧ್ಯಕ್ಷರೆಂದು ಕರೆದ ಚುನಾಯಿತ ಪ್ರತಿನಿಧಿ ಪ್ರಾಧಿಕಾರದ ಸಭೆಯಲ್ಲಿ ಇಲ್ಲದಂತಾಯಿತು. ಸೇನೆಯ ತುಕಡಿ ಕೊನೆಗೆ ಬಂದು ಮೊದಲು ಹೊರಡುತ್ತದೆ, ಹೊರಡಬೇಕಾದದ್ದೇ ಸರಿ. ಆ ಬಳಿಕ ಮನೆ ಕಟ್ಟಿಸುವ, ಮಕ್ಕಳನ್ನು ಶಾಲೆಗೆ ಮರಳಿಸುವ, ಹೊಲದ ಮರಳು ತೆಗೆಸುವ ವರ್ಷಗಳ ಕೆಲಸದಲ್ಲಿ ಊರಿನ ಧ್ವನಿಯಾಗಬೇಕಾದವರು ಈ ಚುನಾಯಿತ ಪ್ರತಿನಿಧಿಗಳೇ. ಈ ಚುನಾವಣೆಗಳು ತಪ್ಪದೆ ನಡೆಯಲಿ. ಪ್ರತಿ ವರ್ಷ ಮೇ ತಿಂಗಳ ಮುಂಗಾರು ಪೂರ್ವ ಸಭೆಯನ್ನು ಒಮ್ಮೆಯಾದರೂ ಬೆಳಗಾವಿಯ ಬದಲು ರಾಮದುರ್ಗದಲ್ಲಿ ಕರೆಯಲಿ. ಅಣೆಕಟ್ಟಿನ ಎಂಜಿನಿಯರರು, ದಂಡಿನ ಅಧಿಕಾರಿಗಳು, ಗದಗ–ಬಾಗಲಕೋಟೆ ಜಿಲ್ಲೆಗಳ ತಹಶೀಲ್ದಾರರು, ಹೊಳೆದಂಡೆಯ ಪಂಚಾಯಿತಿ ಸದಸ್ಯರು ಒಂದೇ ಮೇಜಿನ ಸುತ್ತ ಕೂರಲಿ.